ಸೊನ್ನೆ ಟಿಕೆಟ್

ಫ್ಲೇವಿಯಾ ಮೇಡಂ ಒಂದು ಹಾಳೆ ಕೊಟ್ಟರು,
ಸ್ಕೇಲಿಟ್ಟು ಗೆರೆ ಎಳೆದ ಐದು ಮನೆ.
ಏನಾಯಿತು. ಏನನ್ನಿಸಿತು. ನೋವೆಷ್ಟು, ನೂರಕ್ಕೆ.
ಅನ್ನಿಸಿದ್ದಕ್ಕೆ ಸಾಕ್ಷಿ. ವಿರುದ್ಧ ಸಾಕ್ಷಿ.
ವೇಬಿಲ್ಲಿನ ಹಾಗಿದೆ, ಅಂದೆ.
ಅವರಿಗೆ ಆ ಮಾತು ಬಹಳ ಹಿಡಿಸಿತು,
"ಹೌದಲ್ಲ ಮಾರಾಯ್ರೆ!" ಅಂದರು ಮಂಗಳೂರು ಕನ್ನಡದಲ್ಲಿ.
ನಾನು ನಕ್ಕಿದ್ದು ಅವರ ಖುಷಿಗೆ.
ಆಗೆಲ್ಲ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಹಲ್ಲುಜ್ಜುವುದೇ ಒಂದು ಟ್ರಿಪ್ಪು.
ಸ್ನಾನವೆಂದರೆ ಮೆಜೆಸ್ಟಿಕ್ಕಿನಿಂದ ಹೊಸಕೋಟೆ,
ಅದೂ ಸಂಜೆಯ ಟ್ರಾಫಿಕ್ಕಿನಲ್ಲಿ.
ಜಡೆ ಬಿಚ್ಚಿ ತಿಂಗಳಾಗಿತ್ತು, ಮೇಲೊಂದು ಕ್ಲಿಪ್ಪು.
ಡಿಪೋದಲ್ಲಿ ಹನ್ನೊಂದು ರಜೆ, ಕಾರಣ ಬೆನ್ನುನೋವು.
ಪಾಪ ಬೆನ್ನು,
ಸುಳ್ಳನ್ನೂ ಹೊತ್ತುಕೊಂಡಿತು.

ಮೊದಲ ವಾರ ಹಾಳೆ ಖಾಲಿ ಒಯ್ದೆ.
"ಅದನ್ನೇ ಬರೆಯಿರಿ."
ಏನಾಯಿತು: ಹಾಳೆ ಖಾಲಿ.
ಏನನ್ನಿಸಿತು: ಬಯ್ಯುತ್ತಾರೆ.
"ಬೈದೆನಾ ನಾನು?"
ಇಲ್ಲ, ಎಂದು ಬರೆದೆ ಕೊನೆಯ ಮನೆಯಲ್ಲಿ,
ಲೈಸೆನ್ಸಿಗೆ ಮೊದಲ ಸಲ ಸಹಿ ಮಾಡುವವಳ ಹಾಗೆ
ಒತ್ತಿ ಒತ್ತಿ.

ರಾತ್ರಿಗೆ ಮಾತ್ರೆ ಒಂದು, ಬೇರೆ ಡಾಕ್ಟರು ಬರೆದದ್ದು.
ಸಂಜೆಗೆ ಲೋಟ ಒಂದು, ಇವರು ಬರೆದದ್ದು:
ಒಂದೇ ತೊಳೆಯಬೇಕು, ಎರಡನೆಯದು ಮುಟ್ಟಬಾರದು.
ಸೋಮವಾರ ಎರಡನೆಯದನ್ನು ಕದ್ದು ತೊಳೆದೆ.
ಮಂಗಳವಾರ, ಬುಧವಾರ, ಗುರುವಾರ
ಒಂದೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಡ್ರೈವರ್ ಹನುಮಂತರಾಯಪ್ಪ
ನನ್ನ ಮುಖ ನೋಡಲಿಲ್ಲ.
ಜಾಲಹಳ್ಳಿ ಕ್ರಾಸ್ ದಾಟುವುದರೊಳಗೆ ತೀರ್ಮಾನವಾಯಿತು:
ಇವನಿಗೂ ನಾನು ಸಾಕಾದೆ.
ಹಿಂದಿನ ಸೀಟಲ್ಲಿ ಕೂತು ಬರೆದೆ.
ಸಾಕ್ಷಿ: ನೋಡಲಿಲ್ಲ, ಮಾತಿಲ್ಲ, ಚಹಾಕ್ಕೂ ಕರೆಯಲಿಲ್ಲ.
ವಿರುದ್ಧ ಸಾಕ್ಷಿ ಮಧ್ಯಾಹ್ನ ಸಿಕ್ಕಿತು.
ದವಡೆಹಲ್ಲು ಕೀಳಿಸಿದ್ದ,
ಬಾಯಿತುಂಬ ಹತ್ತಿ.

ಮೇಡಂ ಜೊತೆ ನಾನೂ ನಕ್ಕೆ.
ಆಮೇಲೆ ಅವರು ಬಿಡಲಿಲ್ಲ.
"ನಿಜವಾಗಿಯೂ ಸಾಕಾಗಿದ್ದರೆ? ಏನು ಅದರ ಅರ್ಥ?"
ನಾನು ಯಾರಿಗೂ ಬೇಡ ಅಂತ.
"ಬೇಡವಾದರೆ?"
ಕೆಳಗೆ, ಇನ್ನೂ ಕೆಳಗೆ,
ಬಾವಿಗೆ ಬಿದ್ದ ಕೊಡ ಹುಡುಕುವ ಪಾತಾಳಗರಡಿಯ ಹಾಗೆ
ಅವರ ಪ್ರಶ್ನೆ. ತಳದಲ್ಲಿ ಠಣ್ಣೆಂದಿತು:
ನಾನು ಸೊನ್ನೆ.
"ಎಷ್ಟು ನಂಬುತ್ತೀರಿ?"
ತೊಂಬತ್ತು.

ಅವರು ವಾದಿಸಲಿಲ್ಲ. ಅಲ್ಲ ಅನ್ನಲೂ ಇಲ್ಲ.
"ಒಂದು ವಾರ ಇದಕ್ಕೆ ಸಾಕ್ಷಿ ಹುಡುಕಿ,
ಎರಡೂ ಕಡೆಯದು," ಅಂದರು.

ಪೀಣ್ಯ ಎರಡನೇ ಹಂತ, ಸಂಜೆ ಐದೂ ನಲವತ್ತು,
ಗಾರ್ಮೆಂಟ್ಸ್ ಬಿಟ್ಟಿದೆ.
"ಅಕ್ಕಾ, ಲಗ್ಗೆರೆಗೆ ಒಂದು ಸೊನ್ನೆ."
"ಅಕ್ಕಾ, ನಂಗೊಂದು ಸೊನ್ನೆ, ಸುಂಕದಕಟ್ಟೆ."
ದಿನಕ್ಕೆ ಇನ್ನೂರು ಹರಿಯುತ್ತೇನೆ, ಓದಿಲ್ಲ ಎಂದೂ.
ಅವತ್ತು ಒಬ್ಬಳು ಕಂಬಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು,
ಸೆರಗಿನ ತುಂಬ ನೂಲಿನ ಚೂರು,
ಬಳೆಸಂದಿಯಲ್ಲಿ ಗುಲಾಬಿ ಚೀಟಿ.
ಬಗ್ಗಿ ಓದಿದೆ.
ದರ: ಸೊನ್ನೆ.
ಅದರ ಮೇಲೆ ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿಗೆ,
ಇನ್ನೊಂದರ ಮೇಲೆ ಇಲ್ಲದ ಒಂದು ನಂಬರು.
ಲಗ್ಗೆರೆ ಬಂದಾಗ ಯಾರೂ ಎಬ್ಬಿಸದೆ ಎದ್ದು
ಟಿಫಿನ್ ಡಬ್ಬಿ ಕಂಕುಳಿಗೇರಿಸಿ ಇಳಿದಳು.

ಬರೆದೆ: ಸೊನ್ನೆ ಟಿಕೆಟಿನವಳೂ ಮನೆ ಮುಟ್ಟಿದಳು.
ಇದು ಸಾಕ್ಷಿಯೋ ಅಲ್ಲವೋ
ಈಗಲೂ ಗೊತ್ತಿಲ್ಲ.

"ಎಷ್ಟಿದೆ ನಂಬಿಕೆ ಈಗ?"
ಎಪ್ಪತ್ತು ಮೇಡಂ. ಇಪ್ಪತ್ತೇ ಇಳಿದದ್ದು.
"ಇಪ್ಪತ್ತು ಜನ ಇಳಿದರೆ ನಿಮ್ಮ ಬಸ್ಸಿನಲ್ಲಿ
ನಿಲ್ಲಲಿಕ್ಕೆ ಜಾಗ ಆಗುವುದಿಲ್ಲವಾ?"

ಆಗುತ್ತದೆ. ಮುಂದಿನ ಸ್ಟಾಪಿನಲ್ಲಿ ಮೂವತ್ತು ಹತ್ತುತ್ತಾರೆ,
ಅದನ್ನು ಅವರಿಗೆ ಹೇಳಲಿಲ್ಲ. ಹೋದ ತಿಂಗಳು
ಹತ್ತಿಯೂ ಹತ್ತಿದರು. ಮೂರು ದಿನ ಹಾಸಿಗೆ ಬಿಡಲಿಲ್ಲ.
ನಾಲ್ಕನೆಯ ದಿನ ಒಂದು ಲೋಟ.

ನಿನ್ನೆ ವಾರದ ರಜೆ.
ಬಿಸಿಲಿಗೆ ಬೆನ್ನು ಕೊಟ್ಟು ಜಡೆ ಬಿಚ್ಚಿದೆ.
ಗಂಟಿನ ಮೇಲೆ ಗಂಟು. ಬಾಚಣಿಗೆಯ ಎರಡು ಹಲ್ಲು ಮುರಿಯಿತು.
ಅರ್ಧ ದಿನ ಹಿಡಿಯಿತು, ಹಾಳೆ ತೆಗೆದೆ.

ಏನಾಯಿತು: ತಲೆ ಬಾಚಿಕೊಂಡೆ.
ಏನನ್ನಿಸಿತು: ಉರಿ,
ನೆತ್ತಿಯಲ್ಲಿ.